ಹತ್ತು ತೋರಿಸಿ ಏಳು ಬಿಟ್ಟ ಪಂಪು

ರೋಗಿಯ ರಕ್ತನಾಳಕ್ಕೆ ಔಷಧ ಬಿಡುವ ಹಳೆಯ ಇನ್ಫ್ಯೂಷನ್ ಪಂಪಿಗೆ ತಾನು ಎಷ್ಟು ಔಷಧ ಬಿಟ್ಟೆನೆಂಬುದು ನಿಜಕ್ಕೂ ಗೊತ್ತಿರುವುದಿಲ್ಲ. ಅದರ ಹಲ್ಲುಗಳು ಟ್ಯೂಬನ್ನು ಒತ್ತಿ ಔಷಧವನ್ನು ಮುಂದೆ ತಳ್ಳುತ್ತವೆ. ಎಷ್ಟು ಸಲ ಒತ್ತಿದೆ ಎಂಬುದಷ್ಟೇ ಅದರ ಲೆಕ್ಕ. ಟ್ಯೂಬು ಬೇರೆಯಾದರೆ ಒಂದೊಂದು ಒತ್ತಿಗೆ ಹೋಗುವ ಔಷಧವೂ ಬೇರೆ. ಹಾಗಾಗಿ ಪಂಪನ್ನು ಯಾವ ಟ್ಯೂಬಿಗೆ ಹೊಂದಿಸಿದ್ದೇವೋ ಅದನ್ನೇ ಹಾಕಬೇಕು. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದು. ಹೇಳುವುದು ಸುಲಭ.

ನನ್ನ ವರ್ಕ್‌ಶಾಪು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ. ಗುಜರಿಗೆ ಹೊರಟ ಪಂಪುಗಳನ್ನು ಚೌಕಾಸಿ ಮಾಡಿ ತಂದು, ಮೂರರ ಭಾಗ ಸೇರಿಸಿ ಒಂದು ಮಾಡಿ ಮೇಲೆ ಬಂದವನು ನಾನು. ವಿಜಯವಾಡದ ಪಟಮಟದ ಸಣ್ಣ ಆಸ್ಪತ್ರೆಯೊಂದಕ್ಕೆ ಅಂಥ ನಾಲ್ಕು ಪಂಪು ಕೊಟ್ಟೆ. ಕೊಡುವಾಗ ಸ್ಟೋರಿನವರಿಗೆ, ಕೇಳದಿದ್ದರೂ, ಒಂದು ಸಲಹೆ ಕೊಟ್ಟೆ: "ಇಷ್ಟು ದುಬಾರಿ ಡ್ರಿಪ್ ಟ್ಯೂಬ್ ಸೆಟ್ ಯಾಕೆ ಗುರುವುಗಾರೂ? ಅರ್ಧ ರೇಟಿಗೆ ನಾನು ಕೊಡಿಸ್ತೀನಿ." ಕೊಡಿಸಿಯೂ ಬಿಟ್ಟೆ. ಅವು ಪಂಪಿಲ್ಲದೆ ಹಾಕುವ ಗ್ಲೂಕೋಸಿಗೆ ಮಾತ್ರ ಎಂದು ಬಾಯಲ್ಲಿ ಹೇಳಿದೆ. ಪಂಪಿನ ಮೇಲೆ ಚೀಟಿ ಅಂಟಿಸಲಿಲ್ಲ.

ಮುಂದಿನ ತಿಂಗಳು ವಿಜಯವಾಡದಲ್ಲೇ ಇದ್ದಾಗ ಐಸಿಯು ಸಿಸ್ಟರ್ ಫೋನ್ ಮಾಡಿದರು. ಲಾರಿ ಬಾಡಿ ಕಟ್ಟುವ ಮೇಸ್ತ್ರಿಯೊಬ್ಬರಿಗೆ ಹೃದಯಾಘಾತ. ಬೆಳಗಿನಿಂದ ನಾನು ಕೊಟ್ಟ ಪಂಪಿನಲ್ಲಿ ಔಷಧ ಏರಿಸುತ್ತಿದ್ದರೂ ಬಿ.ಪಿ. ಏರುತ್ತಿಲ್ಲ. ಓಡಿದೆ. ಪಂಪಿನ ಪುಟ್ಟ ಬಾಗಿಲಲ್ಲಿ ನಾನು ಕೊಡಿಸಿದ ಟ್ಯೂಬು ಕಂಡಿತು. ಓಡುತ್ತಿದ್ದ ಪಂಪನ್ನು ನಿಲ್ಲಿಸುವಂತಿರಲಿಲ್ಲ.

ಅಂಥದೇ ಇನ್ನೊಂದು ಪಂಪಿಗೆ ಅದೇ ಟ್ಯೂಬು ಹಾಕಿ, ಐಸಿಯು ಬಾಗಿಲ ಹೊರಗಿನ ಮೇಜಿನ ಮೇಲೆ, ನೀರನ್ನು ಅಳತೆಯ ಗಾಜಿಗೆ ಬಿಟ್ಟೆ. ಹತ್ತು ನಿಮಿಷಕ್ಕೆ ಹತ್ತು ಮಿಲಿ ಬರಬೇಕು. "ಐದು... ಆರು..." ಎಂದು ಕನ್ನಡದಲ್ಲಿ ಗಟ್ಟಿಯಾಗಿಯೇ ಎಣಿಸುತ್ತಿದ್ದೆ.

"ಕನ್ನಡದವ್ರೇನ್ರೀ? ನಂದು ಬಳ್ಳಾರಿ. ಒಳಗ ಇರೋರು ನಮ್ಮನೆಯವ್ರು," ಎಂದರು ಬೆಂಚಿನ ಮೇಲಿದ್ದ ಹೆಂಗಸು.

ಹತ್ತು ನಿಮಿಷ ಮುಗಿದಾಗ ನೀರು ಏಳಕ್ಕೆ ನಿಂತಿತ್ತು.

ಹಳೇ ಮಿಷನ್, ಸವೆದಿದೆ ಎಂದರೆ ಮುಗಿಯುತ್ತಿತ್ತು. ಆ ವಾಕ್ಯ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹಾಗಂದರೆ ಉಳಿದ ಪಂಪುಗಳಿಗೂ ಅದೇ ಟ್ಯೂಬು ಹಾಕುತ್ತಾರೆ. ಒಳಗೆ ಹೋಗಿ ಡಾಕ್ಟರಿಗೆ ಹೇಳಿದೆ:

"ತಪ್ಪು ಟ್ಯೂಬಿಂದು ಡಾಕ್ಟರ್‌ಗಾರೂ. ಹತ್ತು ಅಂತ ತೋರಿಸ್ತಾ ಏಳು ಬಿಡ್ತಿದೆ."

"ಈ ಸೆಟ್ ಯಾರು ತರಿಸಿದ್ದು?"

"ನಾನೇ ಕೊಡಿಸಿದ್ದು."

"ಅರ್ಧ ರೇಟಿಗೆ ಅಲ್ವಾ ಅಣ್ಣಾ?" ಎಂದರು ಸಿಸ್ಟರ್, ನನ್ನ ಮುಖ ನೋಡದೆ.

ಡಾಕ್ಟರು ಲೆಕ್ಕ ಮತ್ತೆ ಹಾಕಿ ಸರಿಯಾದ ಸೆಟ್ ಹಾಕಿಸಿದರು. ಮಧ್ಯಾಹ್ನದ ಹೊತ್ತಿಗೆ ಬಿ.ಪಿ. ಏರಿತು. ಆದರೆ ಮಂಚಕ್ಕೆ ಕಟ್ಟಿದ ಮೂತ್ರದ ಚೀಲ ಖಾಲಿಯಿತ್ತು. ಅಷ್ಟು ಹೊತ್ತು ರಕ್ತ ಸಾಲದೆ ಕಿಡ್ನಿಗೆ ಪೆಟ್ಟು ಬಿದ್ದಿರಬಹುದು, ಸಂಜೆಯೊಳಗೆ ಮೂತ್ರ ಬಂದರೆ ಬಚಾವು ಎಂದರು.

ಹೊರಗೆ ಬಂದು ಆ ಹೆಂಗಸಿಗೆ ಎಲ್ಲವನ್ನೂ ಹೇಳಿದೆ. "ಅಕ್ಕಾ, ತಪ್ಪು ನಂದು."

"ಅದನ್ನ ಆಮ್ಯಾಲೆ ನೋಡೋಣು. ನನ್ನ ಒಳಗ ಬಿಡವಲ್ರು. ನಿಮ್ಮನ್ನ ಬಿಡ್ತಾರಲ್ಲ, ಹೋಗಿ ನೋಡ್ರಿ, ಚೀಲಕ್ಕ ಏನರ ಬಂದೈತೇನು."

ಹೋದೆ. ಬಗ್ಗಿ ನೋಡಿದೆ. ಬಂದು ಇಲ್ಲವೆಂದು ತಲೆಯಾಡಿಸಿದೆ. ಅರ್ಧ ಗಂಟೆಗೊಮ್ಮೆ ಕಳಿಸಿದರು, ಅರ್ಧ ಗಂಟೆಗೊಮ್ಮೆ ಹೋದೆ. ಐದನೆಯ ಸಲ ಹೋದಾಗ ಸಂಜೆಯಾಗಿತ್ತು, ಚೀಲ ಆಗಲೂ ಖಾಲಿ. ಹೊರಗೆ ಬಂದಾಗ ಅವರು ನನ್ನ ಮುಖ ನೋಡಿ ಸೆರಗನ್ನು ಬಾಯಿಗಿಟ್ಟುಕೊಂಡರು.