ತೆಲೆಗಾ ಎಂದರೆ ಬಂಡಿ

ನಕ್ಕಾಗ ಅವರ ಬಾಯಿಯ ಎಡಗಡೆ ಒಂದು ಉಕ್ಕಿನ ಹಲ್ಲು ಮಿಂಚುತ್ತಿತ್ತು. ಸೋವಿಯತ್ ದೇಶದಲ್ಲಿ ಓದುವಾಗ ಹಾಕಿಸಿಕೊಂಡದ್ದಂತೆ. ತೊಂಬತ್ತರ ದಶಕದ ನಡುವೆ ನಾನು ಕೂಡ್ಲಿಗಿ ಕಡೆಯ ಸಣ್ಣ ಖಾಸಗಿ ಕಾಲೇಜೊಂದಕ್ಕೆ ಕನ್ನಡ ಕಲಿಸಲು ಸೇರಿದಾಗ ಅವರು ಅಲ್ಲಿ ಇತಿಹಾಸದ ಮೇಷ್ಟ್ರು. ಭಾನುವಾರ ಮಧ್ಯಾಹ್ನ ನನ್ನನ್ನೂ ಇಂಗ್ಲಿಷಿನ ಮೇಷ್ಟ್ರನ್ನೂ ಮನೆಗೆ ಕರೆದು ರೊಟ್ಟಿ ಊಟ ಹಾಕಿಸುತ್ತಿದ್ದರು. ಇಂಗ್ಲಿಷಿನವರು ಅವರ ಬಾಲ್ಯದ ಗೆಳೆಯ. ಆಡಳಿತ ಮಂಡಳಿಯವರನ್ನು ಕಾಡಿಬೇಡಿ ಗೆಳೆಯನಿಗೆ ಕೆಲಸ ಕೊಡಿಸಿದವರು ಇವರೇ.

ಊಟವಾದ ಮೇಲೆ ಹಾಲಿಲ್ಲದ ಚಹಾ, ಜೊತೆಗೆ ಪದಗಳ ಮಾತು. ಒಮ್ಮೆ ಬೀದಿಯಲ್ಲಿ ಶೇಂಗಾ ಹೇರಿದ ಬಂಡಿ ಹೋಯಿತು.

“ಇದಕ್ಕ ರಷ್ಯನ್‌ನ್ಯಾಗ ತೆಲೆಗಾ ಅಂತಾರ,” ಎಂದರು ಇತಿಹಾಸದ ಮೇಷ್ಟ್ರು. “ಅಲ್ಲಿ ಕುದುರಿ ಹೂಡ್ತಾರ. ಆದ್ರ ಪದ ಅವರದಲ್ಲ. ಹುಲ್ಲುಗಾವಲಿನ ಮಂದಿ, ತುರ್ಕರೋ ಮಂಗೋಲರೋ, ಕೊಟ್ಟು ಹೋಗ್ಯಾರ. ಪಂಡಿತರು ಇನ್ನೂ ಜಗಳಾಡಾಕತ್ಯಾರ.”

ಅವತ್ತೇ ನಗುತ್ತ ಇನ್ನೊಂದು ಮಾತೂ ಅಂದರು: “ನನಗ ಡಿಗ್ರಿ ಕೊಟ್ಟ ದೇಶಾನ ಈಗಿಲ್ಲ. ಯಾರರ ಸುಳ್ಳು ಅಂದ್ರ ಯಾರನ್ನ ಕೇಳ್ಲಿ?”

ಕೆಲ ತಿಂಗಳಿಗೆ ಪ್ರಿನ್ಸಿಪಾಲರ ಜಾಗ ಖಾಲಿಯಾಯಿತು. ಅದು ಮೇಷ್ಟ್ರಿಗೇ ಎಂದು ಎಲ್ಲರೂ ಅಂದುಕೊಂಡಿದ್ದೆವು. ಸಿಬ್ಬಂದಿ ಸಭೆಯಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು ಸಹಿಯಿಲ್ಲದ ಒಂದು ದೂರನ್ನು ಓದಿದರು: ಪದವಿ ನಕಲಿ, ಕೊಟ್ಟ ದೇಶವೇ ಈಗಿಲ್ಲ, ಯಾರನ್ನು ಕೇಳುತ್ತೀರಿ ಎಂದು ಆತನೇ ನಗುತ್ತಾನೆ.

ಆ ನಗೆ ಕೇಳಿದವರು ಇಬ್ಬರೇ. ಮೇಷ್ಟ್ರು ಮೊದಲು ನನ್ನನ್ನು ನೋಡಿದರು. ಆಮೇಲೆ ಗೆಳೆಯನತ್ತ ತಿರುಗಿದರು. ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಮರುದಿನ ಮೇಷ್ಟ್ರು ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ.

“ತೆಲೆಗಾಕ್ಕ ಇನ್ನೊಂದು ಅರ್ಥ ಐತಿ ತಂಗಿ. ಒಬ್ಬರ ಮ್ಯಾಲ ಮ್ಯಾಲಿನವರಿಗೆ ಚಾಡಿ ಬರದು ಕಳಸಾದು. ಹಾಸ್ಟೆಲ್‌ನ್ಯಾಗ ಹುಡುಗರು ಹಂಗ ಅಂತಿದ್ರು.” ಹೊಸ್ತಿಲಲ್ಲೇ ನಿಂತು ಮತ್ತೆ ಹೇಳಿದರು, “ನಿನ್ನೆ ನಿನ್ನ ಮ್ಯಾಲ ಅನುಮಾನ ಪಟ್ಟೆ. ಅಂವ ಮಾಡಿದ್ದಕ್ಕಿಂತ ಅದು ಹೆಚ್ಚು ಸುಡಾಕತ್ತೈತಿ.”

ಪದವಿಯ ಬಗ್ಗೆ ಕೇಳಿ ಅವರು ಓದಿದ ವಿಶ್ವವಿದ್ಯಾಲಯಕ್ಕೆ ಬರೆದ ಪತ್ರಗಳಿಗೆ ಉತ್ತರವೇ ಬರಲಿಲ್ಲ. ಅವರ ಕೆಲಸ ಹೋಯಿತು. ಗೆಳೆಯ ಪ್ರಿನ್ಸಿಪಾಲರಾದರು. ಮೇಷ್ಟ್ರು ಹಡಗಲಿಯಲ್ಲಿ ಟ್ಯೂಷನ್ ಹೇಳುತ್ತ ಬದುಕಿದರು, ಕೆಲವೇ ವರ್ಷಗಳಲ್ಲಿ ಎದೆನೋವಿನಿಂದ ತೀರಿಕೊಂಡರು.

ಕಾಲೇಜಿನ ಸಂತಾಪ ಸಭೆಯಲ್ಲಿ ಪ್ರಿನ್ಸಿಪಾಲರು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ, “ಅಂವ ನನಗ ಒಡಹುಟ್ಟಿದಂವ ಇದ್ದಂಗ ಇದ್ದ,” ಎಂದರು. ನನ್ನ ಸರದಿ ಬಂದಾಗ ಒಂದೇ ಮಾತು ಹೇಳಿದೆ: “ಆ ದೂರು ಬರೆದವರು ಯಾರೆಂದು ಮೇಷ್ಟ್ರಿಗೆ ಗೊತ್ತಿತ್ತು. ಹೆಸರನ್ನು ಮಾತ್ರ ಯಾರೆದುರೂ ಹೇಳಲಿಲ್ಲ.”

ಪ್ರಿನ್ಸಿಪಾಲರ ಕರವಸ್ತ್ರ ಕಣ್ಣಿನ ಬಳಿಯೇ ನಿಂತುಬಿಟ್ಟಿತು.