ಬೆನ್ನಿಗೆ ಸರಿದ ಲಿಂಗ

ಖಾನಾಪುರದ ನಮ್ಮ ಓಣಿಯ ಸ್ಕ್ಯಾನ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುವ ಪೂನಮಳನ್ನು ಏನೆಂದು ಕರೆಯಬೇಕೆಂಬುದು ಊರಿಗೆ ಇನ್ನೂ ಬಗೆಹರಿದಿಲ್ಲ. ಕೆಲವರಿಗೆ ಅವಳು ಸಿಸ್ಟರ್, ಕೆಲವರಿಗೆ ಡಾಕ್ಟರ್‌ಬಾಯಿ, ಮರಾಠಿ ಮುದುಕರಿಗೆ ಫೋಟೋವಾಲಿ. ಗುಂಜಿಯಲ್ಲಿ ಕುರಿ ಕಾಯುವ ಅವಳಪ್ಪ ಸಾತಪ್ಪ, ಮಗಳು ದೊಡ್ಡ ಮಷಿನ್ ನಡೆಸುತ್ತಾಳೆಂದು ಹೇಳಿಕೊಂಡು ತಿರುಗುತ್ತಾನೆ. ಆದರೆ ಅವಳಿಗೆ ಬಂದ ಮದುವೆಯ ಸಂಬಂಧಗಳು ಅದೇ ಮಷಿನ್ನಿನ ದೆಸೆಯಿಂದ ಮುರಿದುಬೀಳುತ್ತವೆ. ಅದರ ಹತ್ತಿರ ಕೆಲಸ ಮಾಡುವ ಹುಡುಗಿಗೆ ಮಕ್ಕಳಾಗುವುದಿಲ್ಲವಂತೆ. ಹೇಳಿದವರು ಯಾರೆಂದು ಕೇಳಿದರೆ, ಎಲ್ಲರೂ ಹೇಳುತ್ತಾರಂತೆ! ಇಂಥ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸೆಂಟರಿನ ಗೋಡೆಗೆ ಹತ್ತಿಕೊಂಡೇ ನನ್ನ ಔಷಧಿ ಅಂಗಡಿ ಇರುವುದರಿಂದ ದಿನಾ ಉರಿಯುವುದೇ ಕೆಲಸ.

ಪೂನಮ ಬೆಳಗಾವಿಯಲ್ಲಿ ಡಿಪ್ಲೊಮಾ ಮಾಡಿದವಳು. ಸಿಟಿ ಸ್ಕ್ಯಾನ್ ಮಷಿನ್ ಮುಟ್ಟಿದ್ದು ಅಲ್ಲಿ ತರಬೇತಿಯಲ್ಲಷ್ಟೇ. ಮುಂದೆ ಓದಿ ಅದರ ಮುಂದೆಯೇ ಕೂಡಬೇಕೆಂಬುದು ಅವಳ ಆಸೆ. ಇಲ್ಲಿ ಇರುವುದು ಒಂದು ಹಳೆಯ ಎಕ್ಸ್‌ರೇ ಮಷಿನ್, ಮಡಚಿ ಮಡಚಿ ಬಿರಿದ ಒಂದು ಸೀಸದ ಏಪ್ರನ್. ವರದಿ ಬರೆಯುವ ಡಾಕ್ಟರು ಬೆಳಗಾವಿಯಲ್ಲಿದ್ದಾರೆ. ಚಿತ್ರ ಫೋನಿನಲ್ಲಿ ಹೋಗುತ್ತದೆ, ವರದಿ ಫೋನಿನಲ್ಲಿ ಬರುತ್ತದೆ. ಚಿತ್ರದಲ್ಲಿ ಏನಿದೆಯೆಂದು ಹೇಳುವ ಅಧಿಕಾರ ಪೂನಮಳಿಗಿಲ್ಲ, ಆದರೆ ರೋಗಿ ಕೇಳುವುದು ಎದುರಿಗೆ ನಿಂತ ಅವಳನ್ನೇ. ನೋಡಿಯೂ ನೋಡದವರ ಹಾಗೆ ಮುಖ ಇಟ್ಟುಕೊಳ್ಳುವುದನ್ನು ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ.

ಕಳೆದ ಮಳೆಗಾಲ ಮುಗಿಯುತ್ತ ಬಂದಾಗ ಇಟಗಿಯ ಶಿವಬಸವ್ವ ಬಂದಳು. ಜೊತೆಗೆ ಮಗ ದುಂಡಪ್ಪ, ಬೆಲ್ಲದ ವ್ಯಾಪಾರಿ. ಮುದುಕಿಗೆ ಬಿಡದ ಕೆಮ್ಮು. ಕೊರಳಲ್ಲಿ ಅರಿವೆಯಲ್ಲಿ ಕಟ್ಟಿದ ಇಷ್ಟಲಿಂಗ. ಇಂಥ ಹಿರಿಯರು ಲಿಂಗವನ್ನು ಮೈಯಿಂದ ಬೇರೆ ಮಾಡಲು ಒಪ್ಪುವುದಿಲ್ಲವೆಂದು ಪೂನಮಳಿಗೆ ಗೊತ್ತು. ಅದಕ್ಕೇ ಲಿಂಗವನ್ನು ಅವರ ಅಂಗೈಯಲ್ಲಿ ಹಿಡಿಸಿ, ಕೈಯನ್ನು ಎದೆಯಿಂದ ದೂರ ಇಡಿಸುತ್ತಾಳೆ. ಆದರೆ ಅವತ್ತು ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಹೊರಗೆ ಕಾದವರು ಕೂಗಾಡುತ್ತಿದ್ದರು.

"ಲಿಂಗ ಸರಿಸೀರೇನ್ರಿ ಅವ್ವಾ?" ಎಂದು ದೂರದಿಂದಲೇ ಕೇಳಿದಳು.

"ಸರಿಸೇನವ್ವಾ. ಎದಿ ಮ್ಯಾಲ ಏನೂ ಇಲ್ಲ ನೋಡು."

ಪೂನಮ ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಬೆಳಗಾವಿಯಿಂದ ಉತ್ತರ ಬಂತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ದುಂಡನೆಯ ನೆರಳಿದೆ, ಗಡ್ಡೆಯ ಸಂಶಯ, ಕರೆದುಕೊಂಡು ಬಂದು ಸಿಟಿ ಸ್ಕ್ಯಾನ್ ಮಾಡಿಸಿ ಎಂದಿತ್ತು. ದುಂಡಪ್ಪ ಅದನ್ನೋದಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟ. ಅವನಿಗೆ ನೀರು ಕೊಡಬೇಕೆಂಬುದೂ ನನಗೆ ಹೊಳೆಯಲಿಲ್ಲ.

ಅತ್ತ ಒಳಗೆ, ಉತ್ತರ ಬರುವ ತನಕ ಹಾಗೇ ಕೂಡಿಸಿದ್ದ ಶಿವಬಸವ್ವ ಈಗ ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತ, ಬಲ ಹೆಗಲ ಹಿಂದಿನಿಂದ ಲಿಂಗದ ಗಂಟನ್ನು ಮುಂದಕ್ಕೆ ಎಳೆದುಕೊಂಡಳು. ಪೂನಮ ಬೆಚ್ಚಿದಳು.

"ಅವ್ವಾ, ಹಿಂದ ಹಾಕ್ಕೊಂಡಿದ್ರೇನ್ರಿ?"

"ಹೂಂ ಮತ್ತ. ಫೋಟೋ ಮುಂದಿಂದು ತಗೀತಾರಲ್ಲಾ? ಬೆನ್ನಿಗೆ ಇದ್ರ ಏನಾಗ್ತೈತಿ?"

ಬೆನ್ನಿಗಿದ್ದರೂ ಎದೆಗಿದ್ದರೂ ಮೈ ತೂರಿ ಹೋಗುವ ಎಕ್ಸ್‌ರೇಗೆ ಒಂದೇ. ಪೂನಮ ಓಡುತ್ತ ಹೊರಗೆ ಬಂದಳು. ಅಧಿಕಾರ, ನಿಯಮ ಎಲ್ಲ ಆ ಕ್ಷಣ ಅವಳ ತಲೆಯಿಂದ ಹಾರಿಹೋಗಿತ್ತು.

"ಅಣ್ಣಾ, ಅಳಬ್ಯಾಡ್ರಿ! ಅದು ಗಡ್ಡಿ ಅಲ್ಲ, ಅವ್ವನ ಲಿಂಗದ ನೆರಳು. ಖರೇ ಹೇಳ್ತೇನಿ, ಏನೂ ಇಲ್ಲ. ಇನ್ನೊಂದು ತಗದು ತೋರಿಸ್ತೇನಿ."

ದುಂಡಪ್ಪ ಕಣ್ಣೊರೆಸಿಕೊಂಡು ಎದ್ದವನೇ ಪೇಢೆ ತಂದ. ನನಗೂ ಒಂದು ಕೊಟ್ಟ, ನಾನೂ ತಿಂದೆ. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಈ ಸಲ ಲಿಂಗ ಶಿವಬಸವ್ವನ ಅಂಗೈಯಲ್ಲಿತ್ತು. ಚಿತ್ರ ತೆಗೆದ ಮೇಲೆ ಪೂನಮ ಬಾಗಿಲಲ್ಲಿ ನಿಂತು ನನ್ನನ್ನು ಕರೆದಳು. ಪರದೆಯ ಮೇಲಿನ ದೊಡ್ಡ ದುಂಡು ಹೋಗಿತ್ತು. ಅದಿದ್ದ ಜಾಗದಲ್ಲೇ ಚಿಕ್ಕದೊಂದು ಬಿಳಿ ಕಲೆ ಉಳಿದಿತ್ತು, ಅಂಚು ಹರಕು ಹರಕು. ಮೊದಲ ಚಿತ್ರದಲ್ಲಿ ಲಿಂಗದ ನೆರಳು ಅದನ್ನು ಮುಚ್ಚಿಬಿಟ್ಟಿತ್ತು.

"ನಿಮಗ ಕಾಣಸ್ತೈತೇನ್ರಿ ಕಾಕಾ?"

ಮಾತ್ರೆ ಮಾರುವವನಿಗೆ ಏನು ತಿಳಿಯಬೇಕು! ಹಳೆಯ ಮಷಿನ್ನಿನ ಪ್ಲೇಟಿನ ಕಲೆಯಿರಬಹುದೇ ಎಂದೆ. ಅಲ್ಲವೆಂದು ತಲೆಯಾಡಿಸಿದಳು. ಹಳೆಯ ಕ್ಷಯದ ಗಾಯವಿರಬಹುದು, ಇರಲಿಕ್ಕಿಲ್ಲ, ಗಡ್ಡೆಯೂ ಇರಬಹುದು, ತನಗೆ ತಿಳಿಯುತ್ತಿಲ್ಲ ಎಂದಳು. ತಾನು ಹೇಳಿದ್ದು ಸುಳ್ಳೋ ಅರ್ಧ ಸುಳ್ಳೋ ಎಂದು ನನ್ನನ್ನೇ ಕೇಳಿದಳು. ಚಿತ್ರ ಬೆಳಗಾವಿಗೆ ಹೋಯಿತು. ನೆರಳು ಇದೆ, ಸಿಟಿ ಮಾಡಿಸಲೇಬೇಕು ಎಂದು ಉತ್ತರ ಬಂತು.

ದುಂಡಪ್ಪನ ಕೈಯಲ್ಲಿ ಪೇಢೆಯ ಪೊಟ್ಟಣ ಹಾಗೇ ಇತ್ತು. "ನೀವ ಅಲ್ಲೇನ್ರಿ ಏನೂ ಇಲ್ಲ ಅಂದಾವ್ರು? ಈಗ ಯಾರ ಮಾತ ನಂಬೂಣು?" ಎಂದು ಕೂಗಿದ. ಅವನ ಸಿಟ್ಟು ತಪ್ಪೆನ್ನಲು ನನಗೆ ಬಾಯಿಲ್ಲ. ಪೂನಮಳ ಮೇಲೆ ಸಿಟ್ಟಾಗಲಿಕ್ಕೂ ಮನಸ್ಸು ಬರಲಿಲ್ಲ.

"ಸುಮ್ಮನಿರೋ," ಎಂದಳು ಶಿವಬಸವ್ವ. "ನಿನ್ನ ಅಳು ನೋಡಲಾರದ ಅಂದಾಳ ಆಕಿ." ಆಮೇಲೆ ಪೂನಮಳ ಕಡೆ ತಿರುಗಿದಳು. ಮುದುಕಿಯ ಹೆದರಿಕೆ ಬೇರೆಯೇ ಇತ್ತು. "ಬೆಳಗಾವ್ಯಾಗ ಲಿಂಗ ಬಿಚ್ಚಾಕ ಹೇಳ್ತಾರೇನವ್ವಾ?"

ಪೂನಮ ತೋಳಿನಿಂದ ಕಣ್ಣೊರೆಸಿಕೊಂಡಳು. "ಹೇಳಬಹುದ್ರಿ. ಕೈಯಾಗ ಹಿಡ್ಕೋತೇನಿ ಅನ್ರಿ. ಅಲ್ಲಿ ಅಂಗಾತ ಮಲಗಿಸಿ ಎರಡೂ ಕೈ ತಲಿ ಮ್ಯಾಲ ಎತ್ತಸ್ತಾರ. ಮುಷ್ಟಿಯೊಳಗ ಗಟ್ಟಿ ಇಟ್ಕೊಳ್ರಿ, ಎದಿ ಕಡೆ ಬರಬಾರದು."

"ಹಿಂಗೇನವ್ವಾ?"

ಕಾದು ಕೂತ ಮಂದಿಯ ನಡುವೆ ಮುದುಕಿ ಎರಡೂ ಕೈ ಮೇಲೆತ್ತಿ ನಿಂತಳು, ಬಲ ಮುಷ್ಟಿಯಲ್ಲಿ ಲಿಂಗ. ಅಷ್ಟರಲ್ಲಿ ಕೆಮ್ಮು ಬಂತು. ಮೈಯೆಲ್ಲ ನಡುಗಿದರೂ ಕೈ ಇಳಿಸಲಿಲ್ಲ.

"ಹಂಗ್ರಿ ಅವ್ವಾ, ಹಂಗ," ಎನ್ನುತ್ತ ಪೂನಮ ಅವಳ ಮೊಣಕೈಗಳನ್ನು ಕೆಳಗಿನಿಂದ ಹಿಡಿದುಕೊಂಡಳು, ಕೆಮ್ಮು ನಿಲ್ಲುವ ತನಕ.