ಮುಂಬಯಿಯ ಗಾಳಿ, ಇಳಕಲ್ಲಿನ ಹಾಸು

ಶಿವಲಿಂಗವ್ವನನ್ನು ಮೊದಲು ಕಂಡದ್ದು 1999ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ನಮ್ಮ ಶಾಲೆಯಲ್ಲಿ ಹವಾಮಾನದ ಪಾಠ ಮುಗಿದಿತ್ತು. ನಾವು ಮಾಸ್ತರರು ಮಕ್ಕಳನ್ನು ಕರೆದುಕೊಂಡು ಇಳಕಲ್ಲಿನ ನೇಕಾರರ ಓಣಿಗೆ ಹೋಗಿದ್ದೆವು. ನೆಲ ಕಾದ ಹಂಚಾಗಿತ್ತು. ಕುಣಿಮಗ್ಗದ ಕುಣಿಯಲ್ಲಿ ಸೊಂಟದವರೆಗೆ ಇಳಿದು ಕುಳಿತಿದ್ದ ಆಕೆ, ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಕೆಳಗೆ ಒದ್ದೆ ಗೋಣಿಚೀಲ ಹರವುತ್ತಿದ್ದಳು.

"ಇದ್ಯಾಕ್ರಿ?" ಎಂದು ಹುಡುಗಿಯೊಬ್ಬಳು ಕೇಳಿದಳು.

"ನಿನಗ ನೀರಡಿಕಿ ಆಗೂದಿಲ್ಲೇನಬೇ? ನೂಲಿಗೂ ಆಗತೈತಿ. ಕುಡಸಲಿಲ್ಲಂದ್ರ ಸಿಟ್ಟಿಗೆದ್ದು ಪಟ್ಟಂತ ಹರಕೋತೈತಿ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಗಾಳಿಯ ತೇವದ ಬಗ್ಗೆ ಪುಸ್ತಕದಲ್ಲಿ ಮೂರು ಪುಟ ಹಿಡಿದ ಪಾಠವನ್ನು ಆಕೆ ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದಳು.

ಎರಡು ವರ್ಷದ ಮೇಲೆ, ಮುಂಬಯಿಯ ದಾದರದಲ್ಲಿ ಕೈಮಗ್ಗದ ಪ್ರದರ್ಶನವೊಂದು ಏರ್ಪಟ್ಟಿತು. ಜನರ ಎದುರು ಹತ್ತು ದಿನ ಕುಳಿತು ನೇಯುವವರು ಬೇಕಾಗಿದ್ದರು. ಮಳೆಗಾಲದಲ್ಲಿ ಅಷ್ಟು ದೂರ ಯಾರು ಹೋಗುತ್ತಾರೆಂದು ಓಣಿಯವರೆಲ್ಲ ಹಿಂದೆ ಸರಿದರು. ಶಿವಲಿಂಗವ್ವ ಒಪ್ಪಿಕೊಂಡಳು. ಮಗಳು ಮಹಾನಂದಾ ಚೊಚ್ಚಲ ಬಸುರಿ. ಶ್ರಾವಣದ ಮೊದಲ ಸೋಮವಾರ ಅವಳ ಕುಬಸ, ಅಂದರೆ ಸೀಮಂತ. ತವರಿನಿಂದ ಉಡಿಸುವ ಹಸಿರು ಸೀರೆಯನ್ನು ತನ್ನ ಕೈಯಾರೆ ನೇಯಬೇಕೆಂದು ಶಿವಲಿಂಗವ್ವ ಹಾಸು ಸಿದ್ಧಮಾಡಿಕೊಂಡಿದ್ದಳು. ಅದನ್ನೇ ಮುಂಬಯಿಯಲ್ಲಿ ನೇಯ್ದು ತಂದರಾಯಿತು ಎಂಬುದು ಆಕೆಯ ಲೆಕ್ಕಾಚಾರ.

"ನೇಕಾರರ ಮಗಳಿಗೆ ಅಂಗಡಿ ಸೀರಿ ಉಡಿಸೂ ಹಂಗ ಮಾಡಬ್ಯಾಡ ಮತ್ತ," ಎಂದು ಬಸ್ಸಿನ ಕಿಟಕಿಯ ಬಳಿ ನಿಂತು ಗಂಡ ಅಮರಪ್ಪ ಛೇಡಿಸಿದ.

"ನೀವು ಮನ್ಯಾಗ ಅನ್ನ ಸೀಸದಂಗ ನೋಡ್ಕೋರಿ, ಸಾಕು," ಎಂದಳು ಆಕೆ.

ಮುಂಬಯಿಯಲ್ಲಿ ಮಳೆ ಮೇಲಿನಿಂದಷ್ಟೇ ಅಲ್ಲ, ಸಮುದ್ರದ ಕಡೆಯಿಂದ ಅಡ್ಡಡ್ಡವಾಗಿಯೂ ಬರುತ್ತಿತ್ತು. ಜನ ಒದ್ದೆ ಕೊಡೆ ಜಾಡಿಸುತ್ತ ಒಳಗೆ ಬಂದು, ಕ್ಷಣ ನಿಂತು ನೋಡಿ, ರೈಲಿಗೆ ಓಡುತ್ತಿದ್ದರು. ಅಲ್ಲಿ ಕುಣಿ ಇರಲಿಲ್ಲ, ಕಟ್ಟಿಗೆಯ ಚೌಕಟ್ಟಿನ ಮಗ್ಗ. ಎರಡು ದಿನ ನೇಯ್ಗೆ ಚೆನ್ನಾಗಿ ಸಾಗಿತು. ಮೂರನೆಯ ದಿನ ಎಳೆಗಳು ಹರಿಯತೊಡಗಿದವು. ಎಳೆ ಹರಿದರೆ ನೂಲು ಒಣಗಿದೆ ಎಂದೇ ಆಕೆ ಹುಟ್ಟಿದಾಗಿನಿಂದ ಕಂಡದ್ದು. ಒದ್ದೆ ಬಟ್ಟೆ ಹಾಸಿದಳು. ಇನ್ನಷ್ಟು ಹರಿದವು. ಮತ್ತೆ ನೀರು ಚಿಮುಕಿಸಿದಳು. ಸಂಜೆಯ ಹೊತ್ತಿಗೆ ಎಳೆಗಳ ಬಿಗಿಗೆಂದು ಸವರಿದ್ದ ಗಂಜಿಯೆಲ್ಲ ಅಂಟಾಗಿ, ಎಳೆಗೆ ಎಳೆ ಕಚ್ಚಿಕೊಂಡು, ಲಾಳಿ ನಡುವೆಯೇ ನಿಂತುಬಿಟ್ಟಿತು. ಮಗಳ ಸೀರೆ ಕಣ್ಣೆದುರೇ ಕೈಬಿಟ್ಟು ಹೋಗುತ್ತಿತ್ತು.

"ಏನಾತೋ ಶಿವನೇ, ಎಷ್ಟ ಕುಡಸಿದ್ರೂ ಸಾಲವಲ್ದಲ್ಲಾ!" ಎಂದು ಆಕೆ ಗಟ್ಟಿಯಾಗಿ ಗೋಳಾಡಿದಳು.

ಮಳಿಗೆಗಳಿಗೆ ಬ್ರೆಡ್ಡು ಕೊಡಲು ಬಂದಿದ್ದ ಬೇಕರಿಯವನೊಬ್ಬ ತನ್ನ ಸೀಮೆಯ ಮಾತು ಕೇಳಿ ಗಕ್ಕನೆ ನಿಂತ. ಅವನ ಹೆಸರು ರಾಜಮಹ್ಮದ; ಹುಟ್ಟೂರು ಇಳಕಲ್ಲಿನ ಕಡೆಯದೇ ನೇಕಾರರ ಊರು ಕಮತಗಿ, ಮುಂಬಯಿಗೆ ಬಂದು ಇಪ್ಪತ್ತು ವರ್ಷ. ಅವನು ಎಳೆಗಳನ್ನು ಮುಟ್ಟಿ ನೋಡಿದ.

"ಅಕ್ಕಾರ, ಇಲ್ಲಿ ಗಾಳೀನ ನೀರ ಕುಡದ ಕುಂತೈತಿ. ನೀವ್ಯಾಕ ಮತ್ತ ಕುಡಸ್ತೀರಿ? ನಮ್ಮ ಖಾರಿ ಬಿಸ್ಕೀಟು ಡಬ್ಬಿ ಮುಚ್ಚೂದು ಮರತ್ರ ತಾಸಿನ್ಯಾಗ ಮೆತ್ತಗ!"

"ಅಯ್ಯ ನನ್ನ ತಮ್ಮಾ! ಹಂಗಾರ ನಾನ ಇದನ್ನ ಮುಳುಗಿಸಿದ್ನಿ?"

"ಮುಳುಗಿಸೀರಿ ಖರೆ. ಎತ್ತೂಣು ತಡೀರಿ."

ಅರ್ಧ ತಾಸಿನಲ್ಲಿ ಅವನು ಬೇಕರಿಯ ಒಲೆಯ ಕೆಂಡವನ್ನು ಎರಡು ಶೆಗಡಿಗಳಲ್ಲಿ ತುಂಬಿ, ಮೇಲೆ ಬೂದಿ ಮುಚ್ಚಿ ತಂದ. ಸಮುದ್ರದ ಕಡೆಯ ಕಿಟಕಿಗಳನ್ನು ಮುಚ್ಚಿಸಿದ. ಬೆಂಕಿ ಕಂಡು ಗದರಲು ಬಂದ ಕಾವಲುಗಾರನಿಗೆ ಮರಾಠಿಯಲ್ಲಿ ಏನು ಹೇಳಿದನೋ, ಆ ಕಾವಲುಗಾರನೇ ತನ್ನ ಒದ್ದೆ ಟೊಪ್ಪಿಗೆಯನ್ನೂ ಶೆಗಡಿಯ ಪಕ್ಕಕ್ಕೆ ತಂದಿಟ್ಟ! ಮರುದಿನ ಹತ್ತಿರದ ಚಾಳಿನ ಹೆಂಗಸರು ಕೂಸುಗಳ ಲಂಗೋಟಿಗಳನ್ನು ಒಣಗಿಸಲು ತಂದರು. ಕುಳಿತವರು ಸುಮ್ಮನೆ ಕೂಡಲಿಲ್ಲ. ಶಿವಲಿಂಗವ್ವ ತೋರಿಸಿದಂತೆ ಅಂಟಿದ ಎಳೆಗಳನ್ನು ಒಂದೊಂದಾಗಿ ಬಿಡಿಸಿಕೊಟ್ಟರು. ಅವರ ಮಾತು ಈಕೆಗೆ ತಿಳಿಯದು, ಈಕೆಯದು ಅವರಿಗೆ ತಿಳಿಯದು. ಬೆರಳುಗಳಿಗೆ ಅದರ ಗೊಡವೆ ಇರಲಿಲ್ಲ. ರಾಜಮಹ್ಮದ ದಿನಾ ಹೊಸ ಕೆಂಡ ತಂದ. ಹತ್ತನೆಯ ದಿನ ಸಂಜೆ ಆಕೆ ಸೀರೆಯನ್ನು ಮಗ್ಗದಿಂದ ಕೊಯ್ದು ತೆಗೆದಳು.

ಕುಬಸದ ದಿನ ಮಹಾನಂದಾ ಅದನ್ನೇ ಉಟ್ಟಳು. ಸೀರೆಯ ಒಡಲಿನಲ್ಲಿ ಗೇಣಗಲ, ಅಂಟಿ ಬಿಡಿಸಿದ್ದ ಎಳೆಗಳು ಒತ್ತೊತ್ತಾಗಿ ನಿಂತಿದ್ದವು. ಆ ಭಾಗವನ್ನು ನಿರಿಗೆಯೊಳಗೆ ಅಡಗಿಸಲು ಹೋದ ತಾಯಿಯ ಕೈಯನ್ನು ಅವಳೇ ತಡೆದಳು: "ಇರ್ಲಿ ಬಿಡವ್ವಾ. ಅಷ್ಟ ಮಂದಿ ಕೈ ಹಚ್ಚ್ಯಾರ, ಕಾಣ್ಲಿ."

ಇಂದಿಗೆ ಎಂಟು ವರ್ಷ. ಶಿವಲಿಂಗವ್ವನ ಮೊಣಕಾಲುಗಳು ನೋಯುತ್ತವೆ; ಕುಣಿಗೆ ಇಳಿಯಲು ಅಮರಪ್ಪ ಕೈ ಹಿಡಿಯಬೇಕು. ಆದರೂ ಈ ತಿಂಗಳು ಆಕೆ ಮಗ್ಗ ಬಿಟ್ಟು ಎದ್ದಿಲ್ಲ. ರಾಜಮಹ್ಮದನ ಮಗಳ ಮದುವೆ ಗೊತ್ತಾಗಿದೆ. ಅಕ್ಕನ ಕೈಯ ಸೀರೆ ಬೇಕೆಂದು ಅವನು ಕೇಳಿಲ್ಲ, ಆಕೆಯೇ ಹಾಸು ಏರಿಸಿದ್ದಾಳೆ. ಸೀರೆಯನ್ನು ಕೈಯಾರೆ ಕೊಟ್ಟುಬರಲು ಗಂಡ ಹೆಂಡಿರಿಬ್ಬರೂ ಮುಂಬಯಿಗೆ ಹೋಗುವವರು.

"ಈ ಸಲ ಗಂಜಿ ತೆಳ್ಳಗ ಹಾಕೇನ್ರಿ ಮಾಸ್ತರ," ಎಂದಳು ಮೊನ್ನೆ, ಲಾಳಿ ನಿಲ್ಲಿಸದೆಯೇ. "ಉಡೂ ಹುಡುಗಿ ಇರೂ ಊರಿನ ಗಾಳಿ ಬ್ಯಾರೆ ಐತಿ."